ಹುಳಿ ಮೊದಲು, ನೊರೆ ಆಮೇಲೆ: ಬೆಳಗಾವಿ ಸೀಮೆಯ ದ್ರಾಕ್ಷಿ ಮತ್ತು ಸ್ಪಾರ್ಕ್ಲಿಂಗ್ ವೈನ್ ಶೈಲಿಗಳು

ನೊರೆ ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡಿ ಸ್ಪಾರ್ಕ್ಲಿಂಗ್ ವೈನ್‌ಗಳನ್ನು ವಿಂಗಡಿಸುವುದು ರೂಢಿ. ಷಾಂಪೇನ್‌ಗೆ ಎರಡನೆಯ ಹುದುಗು ಬಾಟಲಿಯೊಳಗೇ ಬರುತ್ತದೆ. ಇಟಲಿಯ ಪ್ರೊಸೆಕ್ಕೊಗೆ ಬಹುಮಟ್ಟಿಗೆ ಒತ್ತಡ ತಡೆಯುವ ಉಕ್ಕಿನ ಟ್ಯಾಂಕಿನಲ್ಲಿ. ಪೆಟ್-ನ್ಯಾಟ್ ಎಂಬ ಹಳೆಯ ಬಗೆಯನ್ನು ಮೊದಲ ಹುದುಗು ಮುಗಿಯುವ ಮುನ್ನವೇ ಬಾಟಲಿಗೆ ತುಂಬಿ ಬಿರಡೆ ಹಾಕುತ್ತಾರೆ. ಈ ವಿಂಗಡಣೆ ಸರಿಯೇ. ಆದರೆ ಬೆಳಗಾವಿ ಜಿಲ್ಲೆಯ ಅರಭಾವಿಯಂಥ ಬಿಸಿಲ ಸೀಮೆಯಲ್ಲಿ ಯಾವ ಶೈಲಿ ನಿಂತೀತು ಎಂದು ಕೇಳಿದರೆ ಇದರಿಂದ ಉತ್ತರ ಸಿಗದು. ಕಟಾವಿನ ದಿನ ಹಣ್ಣಿನಲ್ಲಿ ಎಷ್ಟು ಹುಳಿ ಉಳಿದಿದೆ ಎಂಬುದೇ ಶೈಲಿಯನ್ನು ಮೊದಲು ನಿರ್ಧರಿಸುತ್ತದೆ. ವಿಧಾನದ ಆಯ್ಕೆ ಅದನ್ನು ಅನುಸರಿಸಬೇಕು.

ಇಲ್ಲಿನ ಬಳ್ಳಿಗೆ ವರ್ಷಕ್ಕೆ ಎರಡು ಚಾಟ್ನಿ (ಕಡ್ಡಿ ಸವರುವಿಕೆ): ಏಪ್ರಿಲ್‌ನದು ಕಡ್ಡಿಗೆ, ಅಕ್ಟೋಬರ್‌ನದು ಹಣ್ಣಿಗೆ. ಹೀಗಾಗಿ ಹಣ್ಣು ಮಾಗುವ ಕೊನೆಯ ವಾರಗಳು ಬೇಸಿಗೆಯ ಏರುಬಿಸಿಲಿಗೆ ಸಿಕ್ಕಿಬೀಳುತ್ತವೆ. ಆ ಶಾಖದಲ್ಲಿ ಹಣ್ಣು ತನ್ನ ಮ್ಯಾಲಿಕ್ ಆಮ್ಲವನ್ನು ಉಸಿರಾಟದಲ್ಲೇ ಕರಗಿಸಿಕೊಳ್ಳುತ್ತದೆ. ಟಾರ್ಟಾರಿಕ್ ಆಮ್ಲ ಅಷ್ಟು ಬೇಗ ಕುಗ್ಗುವುದಿಲ್ಲ. ಅಥಣಿ, ವಿಜಯಪುರದ ಒಣದ್ರಾಕ್ಷಿ ಬೆಳೆಗಾರರು ಸಕ್ಕರೆ ತುಂಬಲೆಂದು ಗೊನೆಯನ್ನು ಬಳ್ಳಿಯಲ್ಲೇ ಬಿಡುತ್ತಾರೆ. ಸ್ಪಾರ್ಕ್ಲಿಂಗ್ ವೈನ್‌ಗೆ ಬೇಕಾದದ್ದು ಇದಕ್ಕೆ ತೀರಾ ವಿರುದ್ಧ: ಸುಮಾರು 18–19 ಬ್ರಿಕ್ಸ್‌ಗೇ ಗೊನೆ ಕತ್ತರಿಸಬೇಕು, ಮೂಲ ವೈನ್‌ನ ಮದ್ಯಾಂಶ 10–11 ಶೇಕಡಾ ದಾಟಬಾರದು. ಬಾಟಲಿ ವಿಧಾನದಲ್ಲಿ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಬೆರೆಸಿದರೆ ಆರು ವಾತಾವರಣದಷ್ಟು ಒತ್ತಡ ಹುಟ್ಟುತ್ತದೆ, ಮದ್ಯಾಂಶ ಇನ್ನೂ ಒಂದು ಒಂದೂವರೆ ಶೇಕಡಾ ಏರುತ್ತದೆ. ಆ ಸಕ್ಕರೆಗೆ ಗೋಕಾಕ, ಹುಕ್ಕೇರಿಯ ಕಬ್ಬಿನ ನಾಡಿನಲ್ಲಿ ಬರವಿಲ್ಲ, ಬರವಿರುವುದು ಹುಳಿಗೆ. ಟಾರ್ಟಾರಿಕ್ ಆಮ್ಲ ಬೆರೆಸಿದರಾಯಿತಲ್ಲ ಎನ್ನಬಹುದು, ಬಿಸಿ ನಾಡುಗಳಲ್ಲಿ ಅದು ನಡೆದೇ ಇದೆ. ಆದರೆ ಬೆರೆಸಿದ್ದರಲ್ಲಿ ಒಂದು ಭಾಗ ತಂಪು ಮಾಡಿದಾಗ ಹರಳಾಗಿ ತಳಕ್ಕಿಳಿಯುತ್ತದೆ, ಕಳೆದುಹೋದ ಮ್ಯಾಲಿಕ್‌ನ ಹಸಿಸೇಬಿನ ತಾಜಾತನವೂ ಮರಳುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ನಾಸಿಕ ಸೀಮೆಯಲ್ಲಿ ಶೆನಿನ್ ಬ್ಲಾಂಕ್‌ನಿಂದ ಬಾಟಲಿ ವಿಧಾನದ ವೈನ್ ಆಗುತ್ತಿದೆ. ಷಾಂಪೇನ್ ಪ್ರಾಂತದ ವೈನ್ ತಯಾರಕ ಜಾರ್ಜ್ ವೆಸೆಲ್ ಅವರೇ ಉದ್ಯಮಿ ಕನ್ವಲ್ ಗ್ರೋವರ್ ಅವರಿಗೆ ನಂದಿಬೆಟ್ಟದ ತಪ್ಪಲಿನ ತೋಟ ಕಟ್ಟಲು ನೆರವಾಗಿದ್ದರು. ಹಾಗಿದ್ದ ಮೇಲೆ ಬೆಳಗಾವಿಗೆ ಟ್ಯಾಂಕಿನಂಥ ಕಡಿಮೆ ದರ್ಜೆಯ ವಿಧಾನವೇಕೆ? ನಂದಿಯ ತಪ್ಪಲು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅರಭಾವಿ 612 ಮೀಟರಿನಷ್ಟರಲ್ಲಿ. ರಾತ್ರಿಯ ತಂಪಿನಲ್ಲಿ ಈ ಅಂತರ ಸಣ್ಣದಲ್ಲ. ಷಾಂಪೇನ್ ಕನಿಷ್ಠ 15 ತಿಂಗಳು ಬಾಟಲಿಯಲ್ಲಿರಬೇಕು, ಅದರಲ್ಲಿ 12 ತಿಂಗಳು ಯೀಸ್ಟಿನ ಗಷ್ಟಿನ ಮೇಲೆ. ಅಷ್ಟು ಕಾಲ ತಾಳುವ ಹುಳಿ ಇಲ್ಲದ ವೈನ್ ಮಾಗುವ ಬದಲು ಮಂಕಾಗುತ್ತದೆ. ಟ್ಯಾಂಕು ದರ್ಜೆಯಲ್ಲಿ ಕಡಿಮೆ ಎಂಬುದನ್ನೂ ನಾನು ಒಪ್ಪಲಾರೆ. ಮಾರ್ಟಿನೊಟ್ಟಿ 1895ರಲ್ಲಿ ಪೇಟೆಂಟ್ ಪಡೆದು, ಶಾರ್ಮಾ 1907ರಲ್ಲಿ ಸುಧಾರಿಸಿದ ಆ ವಿಧಾನ ಹಣ್ಣಿನ ಪರಿಮಳವನ್ನು ಗಷ್ಟಿನ ಬ್ರೆಡ್ಡಿನ ವಾಸನೆಯಡಿ ಮುಚ್ಚದೆ ಕೆಲವೇ ತಿಂಗಳಲ್ಲಿ ಬಾಟಲಿಗೆ ತಲುಪಿಸುತ್ತದೆ.

ಆದರೆ ಪರಿಮಳವೇ ಇಲ್ಲದ ಹಣ್ಣಿಗೆ ಟ್ಯಾಂಕು ಏನನ್ನು ಉಳಿಸಿಕೊಟ್ಟೀತು? ಸುತ್ತಲಿನ ಥಾಂಪ್ಸನ್ ಸೀಡ್‌ಲೆಸ್ ತೋಟಗಳ ತೊಡಕು ಅದೇ, ಅದನ್ನು ನಿರ್ಲಕ್ಷಿಸುವಂತಿಲ್ಲ. ಶೆನಿನ್ ಬ್ಲಾಂಕ್‌ನ ಜೊತೆಗೆ ಮಸ್ಕತ್ ವಂಶದ ಗುಲಾಬಿ ದ್ರಾಕ್ಷಿಯ ಸ್ವಲ್ಪ ರಸ ಬೆರೆಸುವುದು ಪರೀಕ್ಷಿಸಬೇಕಾದ ದಾರಿ. ಇನ್ನು ಹುಳಿಯ ಮಾತು: ಬಿಸಿಲು ಏರುವ ಮುನ್ನ ಹಣ್ಣು ಮಾಗಲೆಂದು ಅಕ್ಟೋಬರ್ ಚಾಟ್ನಿಯನ್ನು ಸೆಪ್ಟೆಂಬರಿಗೆ ಎಳೆದರೆ ಮಳೆಗೆ ಸಿಕ್ಕ ಎಳೆ ಚಿಗುರಿಗೆ ಡೌನಿ ರೋಗ ತಗಲುತ್ತದೆ. ಆದ್ದರಿಂದ ಚಾಟ್ನಿಯನ್ನು ಅಲ್ಲೇ ಬಿಟ್ಟು ಕಟಾವನ್ನೇ ಬೇಗ ಮಾಡಬೇಕು. ಅರಭಾವಿಯ ಕಿತ್ತೂರು ರಾಣಿ ಚೆನ್ನಮ್ಮ ತೋಟಗಾರಿಕಾ ಮಹಾವಿದ್ಯಾಲಯದಲ್ಲಿ ಒಂದೇ ತೋಟದ ಹಣ್ಣನ್ನು ವಾರ ವಾರಕ್ಕೆ ಕೊಯ್ದು, ಪ್ರತಿ ಕೊಯ್ಲಿನ ರಸವನ್ನು ಅರ್ಧ ಟ್ಯಾಂಕಿಗೆ, ಅರ್ಧ ಬಾಟಲಿಗೆ ಹಾಕಿ ಹೋಲಿಸಿದರೆ ಈ ವಾದ ನಿಲ್ಲುತ್ತದೋ ಬೀಳುತ್ತದೋ ತಿಳಿಯುತ್ತದೆ.