ಕೊಡಗಿನ ಪೆಟ್ಟಿಗೆ ಜೇನು

ಕೊಡಗಿನಲ್ಲಿ ಜೇನು ಬಹುಕಾಲ ಕಾಡಿನ ಉತ್ಪನ್ನವಾಗಿತ್ತು. ಜೇನು ಕುರುಬರು ಎತ್ತರದ ಮರಗಳಿಂದ ಹೆಜ್ಜೇನನ್ನು ಹೊಗೆ ಹಾಕಿ ಇಳಿಸುತ್ತಿದ್ದರು. ಪೊಟರೆಗಳಲ್ಲಿ ನೆಲೆಸುವ ತುಡುವೆ ಜೇನಿನ ಎರಿಗಳನ್ನು ಕಿತ್ತು ಹಿಂಡಿ ಜೇನುತುಪ್ಪ ತೆಗೆಯಲಾಗುತ್ತಿತ್ತು. ಹಿಂಡುವಾಗ ಮರಿಹುಳು, ಪರಾಗ, ಮೇಣವೆಲ್ಲ ಬೆರೆತು ತುಪ್ಪ ಬೇಗ ಕೆಡುತ್ತಿತ್ತು, ಗೂಡೂ ನಾಶವಾಗುತ್ತಿತ್ತು.

20ನೇ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದಲ್ಲಿದ್ದ ಪಾದ್ರಿ ನ್ಯೂಟನ್ ತುಡುವೆಯ ಗಾತ್ರಕ್ಕೆ ಹೊಂದುವ ಪೆಟ್ಟಿಗೆಯನ್ನು ರೂಪಿಸಿದರು. ಅದರ ಚೌಕಟ್ಟುಗಳನ್ನು ಹೊರತೆಗೆದು ಯಂತ್ರದಲ್ಲಿ ತಿರುಗಿಸಿದರೆ ಎರಿ ಒಡೆಯದೆ ತುಪ್ಪ ಹೊರಬರುತ್ತದೆ. ಖಾಲಿ ಎರಿಯನ್ನು ಹುಳುಗಳಿಗೇ ಮರಳಿಸಬಹುದು. ಜೇನು ಕೃಷಿಯಾದದ್ದು ಈ ಸರಳ ಉಪಾಯದಿಂದಲೇ. 1936ರಲ್ಲಿ ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಉತ್ಪಾದಕರ ಸಹಕಾರ ಸಂಘ ಸ್ಥಾಪನೆಯಾಯಿತು. ಕಾಫಿ ತೋಟದ ಬೆಳೆಗಾರನಿಗೆ ಪೆಟ್ಟಿಗೆ ಉಪ ಆದಾಯವಾಯಿತು. ಹೂವಿಗೆ ಪರಾಗಸ್ಪರ್ಶವೂ ದೊರೆಯಿತು.

1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಾಣು ಮರಿಹುಳುಗಳನ್ನು ಕೊಂದು, ದಕ್ಷಿಣದ ಬಹುಪಾಲು ತುಡುವೆ ಕುಟುಂಬಗಳನ್ನು ಅಳಿಸಿತು. ಎಷ್ಟೋ ಮನೆಗಳ ಪೆಟ್ಟಿಗೆಗಳು ಬರಿದಾದವು. ರೋಗ ತಾಳಿ ಉಳಿದ ಕುಟುಂಬಗಳಿಂದ ಕಸುಬು ನಿಧಾನವಾಗಿ ಚೇತರಿಸಿತು.

ಕಾಯಿಸದ ಜೇನುತುಪ್ಪಕ್ಕೆ ಮನೆಮದ್ದಿನಲ್ಲಿ ಮೊದಲಿನಿಂದಲೂ ಮಾನ್ಯತೆಯಿದೆ. ಕೆಮ್ಮಿಗೆ ಶುಂಠಿರಸದೊಂದಿಗೆ ನೆಕ್ಕಿಸುತ್ತಾರೆ, ಸುಟ್ಟ ಗಾಯಕ್ಕೆ ಸವರುತ್ತಾರೆ. ಇದಕ್ಕೆ ಆಧಾರವಿದೆ: ಜೇನಿನಲ್ಲಿ ನೀರಿನಂಶ ಕಡಿಮೆ, ಆಮ್ಲೀಯತೆ ಹೆಚ್ಚು, ಹುಳುಗಳು ಬೆರೆಸಿದ ಕಿಣ್ವವು ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡಿ ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ಹೆಚ್ಚು ಕಾಯಿಸಿದರೆ ಈ ಕಿಣ್ವ ನಾಶವಾಗುತ್ತದೆ. ಆದರೂ ಜೇನು ಬಹುಪಾಲು ಸಕ್ಕರೆಯೇ. ಮಧುಮೇಹಿಗಳಿಗೆ ಮಿತಿ ಅಗತ್ಯ. ನವಜಾತ ಶಿಶುವಿನ ನಾಲಗೆಗೆ ಜೇನು ಮುಟ್ಟಿಸುವ ಪದ್ಧತಿಯನ್ನಂತೂ ಕೈಬಿಡಲೇಬೇಕು: ಅದರಲ್ಲಿರಬಹುದಾದ ಬಾಟುಲಿಸಂ ಬೀಜಾಣುಗಳು ಒಂದು ವರ್ಷದೊಳಗಿನ ಮಕ್ಕಳಿಗೆ ಪ್ರಾಣಾಂತಕವಾಗಬಲ್ಲವು.