ಸದ್ದಿನ ಚೆಂಡು, ಜೊತೆಗಾರರ ಕಣ್ಣು

ಅಂಧರ ಕ್ರಿಕೆಟ್ ಹುಟ್ಟಿದ್ದು 1922ರಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಕಾರ್ಖಾನೆಯ ಇಬ್ಬರು ಅಂಧ ಕೆಲಸಗಾರರು ತಗಡಿನ ಡಬ್ಬಿಯೊಳಗೆ ಕಲ್ಲು ಹಾಕಿ, ಅದರ ಸದ್ದಿನ ಜಾಡು ಹಿಡಿದು ಆಡತೊಡಗಿದರು. ಡಬ್ಬಿಯ ಜಾಗಕ್ಕೆ ಈಗ ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡು ಬಂದಿದೆ. ಅದರೊಳಗಿನ ಬೇರಿಂಗ್ ಗುಂಡುಗಳು ಚೆಂಡು ಉರುಳಿದಂತೆಲ್ಲ ಗಲಗಲ ಎನ್ನುತ್ತವೆ. ಬೌಲರ್ ಮೊದಲು ‘ರೆಡಿ?’ ಎಂದು ಕೇಳಬೇಕು, ಬ್ಯಾಟರ್ ಉತ್ತರ ಕೊಟ್ಟ ಮೇಲೆ ‘ಪ್ಲೇ’ ಎಂದು ಕೂಗಿ ಚೆಂಡನ್ನು ಕೆಳಗೈಯಿಂದ ಬಿಡಬೇಕು. ತಂಡದ 11 ಮಂದಿಯಲ್ಲಿ ಕನಿಷ್ಠ 4 ಮಂದಿ ಪೂರ್ಣ ಅಂಧರಿರಬೇಕೆಂಬುದು ನಿಯಮ. ಇವರನ್ನು ‘ಬಿ1’ ಎಂದು ಗುರುತಿಸುತ್ತಾರೆ. ಇವರು ಹೊಡೆದ ಒಂದು ರನ್ ಎರಡಾಗಿ ಲೆಕ್ಕಕ್ಕೆ ಬರುತ್ತದೆ. ಉಳಿದವರು ಅಲ್ಪಸ್ವಲ್ಪ ಕಾಣುವವರು.

ಈ ಆಟದ ಜಾಗತಿಕ ಮಂಡಳಿ 1996ರಲ್ಲಿ ದೆಹಲಿಯಲ್ಲಿ ರೂಪುಗೊಂಡಿತು. 1998ರಲ್ಲಿ ಮೊದಲ ವಿಶ್ವಕಪ್ ಕೂಡ ಅಲ್ಲೇ ನಡೆಯಿತು. ಕರ್ನಾಟಕದಲ್ಲಿ ಆಟಕ್ಕೆ ನೆಲೆ ಒದಗಿಸಿದ್ದು 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಮರ್ಥನಂ ಸಂಸ್ಥೆ. ಅದನ್ನು ಕಟ್ಟಿದ ಜಿ.ಕೆ. ಮಹಾಂತೇಶ್ ಮತ್ತು ಎಸ್.ಪಿ. ನಾಗೇಶ್ ಇಬ್ಬರೂ ದೃಷ್ಟಿಹೀನರು. 2012ರ ಡಿಸೆಂಬರ್‌ನಲ್ಲಿ ಅಂಧರ ಮೊದಲ ಟಿ20 ವಿಶ್ವಕಪ್ ಬೆಂಗಳೂರಿನಲ್ಲೇ ಜರುಗಿತು. ಶಿವಮೊಗ್ಗದ ಶೇಖರ್ ನಾಯ್ಕ್ ನಾಯಕತ್ವದ ಭಾರತ ಫೈನಲ್‌ನಲ್ಲಿ ಪಾಕಿಸ್ತಾನವನ್ನು 29 ರನ್‌ಗಳಿಂದ ಮಣಿಸಿತು. ಶೇಖರ್ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. ಭಾರತದ ಅಂಧ ಮಹಿಳೆಯರ ತಂಡ 2023ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಅಂಧರ ವಿಶ್ವ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. 2025ರಲ್ಲಿ ತನ್ನ ಮೊದಲ ಟಿ20 ವಿಶ್ವಕಪ್ಪನ್ನೂ ತಂದಿತು.

ಮೈದಾನದ ಅಂಚಿನಲ್ಲಿ ನಿಲ್ಲುವ ಸ್ವಯಂಸೇವಕರಿಗೂ ಈ ಇತಿಹಾಸದಲ್ಲಿ ಪಾಲಿದೆ. ಆಟಗಾರರನ್ನು ಬಸ್ಸಿನಿಂದ ಮೈದಾನಕ್ಕೆ ಕರೆತರುವುದು, ಅಭ್ಯಾಸದಲ್ಲಿ ದೂರ ಹೋದ ಚೆಂಡನ್ನು ಹೆಕ್ಕಿ ತರುವುದು, ಸ್ಕೋರನ್ನು ಗಟ್ಟಿಯಾಗಿ ಹೇಳುವುದು ಅವರ ಕೆಲಸ. ಇದರಲ್ಲಿ ಕಲಿಯಬೇಕಾದದ್ದೂ ಇದೆ. ಅಂಧರ ಕೈ ಹಿಡಿದು ಎಳೆಯಬಾರದು; ತನ್ನ ಮೊಣಕೈಯನ್ನು ಅವರಿಗೆ ಹಿಡಿಯಲು ಕೊಟ್ಟು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಮೆಟ್ಟಿಲು, ತಗ್ಗು ಬಂದರೆ ಮೊದಲೇ ಹೇಳಬೇಕು. ಚೆಂಡು ಬಿಟ್ಟ ಮೇಲೆ ಯಾರೂ ಮಾತನಾಡಬಾರದು, ಏಕೆಂದರೆ ಪಕ್ಕದವರ ಒಂದು ಕೂಗು ಸಾಕು, ಬ್ಯಾಟರ್‌ಗೆ ಚೆಂಡು ಕಳೆದುಹೋಗುತ್ತದೆ.

ಇಂಥ ಸೇವೆಗೆ ಬೇಕಾದ ಏರ್ಪಾಡು ಸಣ್ಣ ಊರುಗಳಲ್ಲೂ ಇದೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆ ಕಾಲೇಜು ವಿದ್ಯಾರ್ಥಿಗಳನ್ನು ಸಮಾಜದ ಕೆಲಸಕ್ಕೆ ತೊಡಗಿಸುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಕ್ರೀಡೆಯಲ್ಲಿ ಅವರು ಪಾಲ್ಗೊಳ್ಳುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಸರ್ಕಾರಿ ಪದವಿ ಕಾಲೇಜಿರುವ ಬಂಟ್ವಾಳ ತಾಲ್ಲೂಕಿನ ವಾಮದಪದವಿನಂಥ ಊರಿಗೂ ಈ ಎರಡೂ ಅನ್ವಯಿಸುತ್ತವೆ. ಉರುಳುವ ಚೆಂಡಿನ ಸದ್ದು ಕಿವಿಗೆ ಕೇಳುವಷ್ಟು ಸಮತಟ್ಟಾದ ನೆಲ, ಮಾತನಾಡಬೇಕಾದ ಹೊತ್ತನ್ನೂ ಸುಮ್ಮನಿರಬೇಕಾದ ಹೊತ್ತನ್ನೂ ಬಲ್ಲ ಕೆಲವು ಜೊತೆಗಾರರು: ಆಟ ಶುರುವಾಗಲು ಮುಖ್ಯವಾಗಿ ಬೇಕಾದದ್ದು ಇಷ್ಟೇ.