ಹಾಡಿ ಅಂದ್ರೆ ಊರಲ್ವಾ?

ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆಯವರಿಗೆ 'ಹಾಡಿ' ಅಂದ್ರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಜೇನುಕುರುಬರು, ಬೆಟ್ಟಕುರುಬರು, ಯರವರು ಬದುಕುವ ಜಾಗ. ಕೆ.ಆರ್. ನಗರದ ಭತ್ತದ ಬಯಲು ದಾಟಿ ನಾಗರಹೊಳೆ ಕಡೆ ಹೋದರೆ ಈ ಪದ ಎಲ್ಲೆಲ್ಲೂ ಸಿಗುತ್ತೆ. ಎರಡೇ ಅಕ್ಷರ. ಆದರೆ ಅದರ ಅರ್ಥ ಏನು ಅನ್ನೋದರ ಮೇಲೆ ಸಾವಿರಾರು ಕುಟುಂಬಗಳ ಹಕ್ಕು ನಿಂತಿದೆ.

ಮೊದಲು ಸ್ವಲ್ಪ ಪ್ರಪಂಚ ಸುತ್ತಿ ಬರೋಣ. 'ಡ'ಕಾರವನ್ನ ಮೆತ್ತಗೆ ಮಾಡಿ 'ಹಾದಿ' ಅನ್ನಿ. ಟರ್ಕಿಯವರಿಗೆ ಅದು 'ನಡಿ, ಹೋಗೋಣ' ಅಂತ ಕೇಳಿಸುತ್ತೆ. ಹಂಗೇರಿಯಲ್ಲಿ ಅದೇ ಸದ್ದಿಗೆ ಯುದ್ಧಕ್ಕೆ, ಸೇನೆಗೆ ಸಂಬಂಧಿಸಿದ್ದು ಅನ್ನೋ ಅರ್ಥ. ಚೆಕ್ ಭಾಷೆಯಲ್ಲಿ ಹಾವುಗಳು! ಅರಬ್ಬಿಯಲ್ಲಿ ದಾರಿ ತೋರಿಸುವವನು. ಅದು ಅಲ್ಲಾಹುವಿನ ಹೆಸರುಗಳಲ್ಲೂ ಒಂದು. ಹಿದಾಯತ್, ಮೆಹದಿ ಅನ್ನೋ ಹೆಸರುಗಳು ಹುಟ್ಟಿದ್ದೂ ಅದೇ ಧಾತುವಿನಿಂದ.

ಈಗ ಮಜಾ ನೋಡಿ. ನಮ್ಮ ಕನ್ನಡದಲ್ಲೂ 'ಹಾದಿ' ಅಂದ್ರೆ ದಾರಿಯೇ! ಇಷ್ಟು ಸಾಕು, ನಾಳೆ ಬೆಳಗ್ಗೆ ವಾಟ್ಸಾಪಿನಲ್ಲಿ 'ಅರಬ್ಬಿಗೂ ಕನ್ನಡವೇ ತಾಯಿ' ಅಂತ ಮೆಸೇಜ್ ಓಡಾಡೋಕೆ. ನಾನು ಇಂಜಿನಿಯರಿಂಗ್ ಓದಿದವನು. ಇದನ್ನ ಲೆಕ್ಕವಾಗಿ ನೋಡ್ತೀನಿ. ಮನುಷ್ಯನ ಬಾಯಿ ಹೊರಡಿಸುವ ಸದ್ದುಗಳು ಕೆಲವೇ, ಭಾಷೆಗಳು ಸಾವಿರಾರು. ಚಿಕ್ಕ ಪದಗಳು ಡಿಕ್ಕಿ ಹೊಡೆಯಲೇಬೇಕು. ಡಿಕ್ಕಿ ಬೇರೆ, ನೆಂಟಸ್ತನ ಬೇರೆ.

ಹಾಗಾದ್ರೆ ನಿಜವಾದ ನೆಂಟರನ್ನ ಹುಡುಕೋದು ಹೇಗೆ? ನಿಯಮದಿಂದ. ಹಳಗನ್ನಡದ 'ಪ'ಕಾರ ಆಮೇಲೆ 'ಹ'ಕಾರ ಆಯ್ತು. ಪಾಲು ಹಾಲಾಯ್ತು, ಪುಲಿ ಹುಲಿಯಾಯ್ತು, ಪೂ ಹೂವಾಯ್ತು. ಪಿರಿಯಾಪಟ್ಟಣದ ಹೆಸರಲ್ಲಿ ಕೂತಿರೋ 'ಪಿರಿಯ' ಅನ್ನೋ ಪದವೇ ಇವತ್ತಿನ 'ಹಿರಿಯ'. ಅದೇ ದಾರಿಯಲ್ಲಿ ಹಿಂದಕ್ಕೆ ನಡೆದರೆ ಹಾಡಿ ಅಂದ್ರೆ 'ಪಾಡಿ'. ಹಳೆಯ ಅರ್ಥ: ಜನವಸತಿ, ಊರು.

ಈ ಪಾಡಿಯ ನೆಂಟರು ಸುತ್ತಮುತ್ತಲೇ ಇದ್ದಾರೆ. ತಮಿಳಿನಲ್ಲಿ ಪಾಡಿ ಅಂದ್ರೆ ದನಗಾಹಿಗಳ ಹಳ್ಳಿ. ಕೃಷ್ಣ ಬೆಳೆದ ಗೋಕುಲವನ್ನ ಅವರು ಆಯರ್‌ಪಾಡಿ ಅಂತಾರೆ. ಕೊಡವ ಭಾಷೆಯಲ್ಲಿ ಕುರುಬರ ಗುಡಿಸಲು. ಎಚ್.ಡಿ. ಕೋಟೆಯ ಗಡಿ ದಾಟಿ ವಯನಾಡಿಗೆ ಇಳಿದರೆ ಎಸ್ಟೇಟ್ ಕೂಲಿಕಾರರ ಲೈನ್ ಮನೆ. ಕುಂದಾಪುರದ ಕಡೆ ಹಾಡಿ ಅಂದ್ರೆ ಬರೀ ಕಾಡು. ಸಾಲಾಗಿ ಇಟ್ಟು ನೋಡಿ: ಊರು, ದನಗಾಹಿಗಳ ಹಳ್ಳಿ, ಗುಡಿಸಲು, ಕೂಲಿ ಲೈನು, ಕಾಡು. ಒಂದೇ ಪದ, ಆದರೆ ಅಲ್ಲಿರುವ ಜನಕ್ಕೆ ಎಷ್ಟು ಬೆಲೆಯೋ ಪದಕ್ಕೂ ಅಷ್ಟೇ ಬೆಲೆ.

ಇನ್ನೊಂದು ಪದ ತಗೊಳ್ಳಿ. ಪಳ್ಳಿ ಹಳ್ಳಿಯಾಯ್ತು, ಪಾಡಿ ಹಾಡಿಯಾಯ್ತು. ಅದೇ ಕನ್ನಡ, ಅದೇ ನಿಯಮ. ಆದರೆ ಹಳ್ಳಿ ಕಂದಾಯ ದಾಖಲೆ ಸೇರಿತು, ಹಾಡಿ ಅರಣ್ಯದ ನಕ್ಷೆಯೊಳಗೇ ಉಳಿಯಿತು. ನಾಗರಹೊಳೆ ರಾಷ್ಟ್ರೀಯ ಉದ್ಯಾನ ಆದಾಗ ತಲೆಮಾರುಗಳಿಂದ ಇದ್ದವರೇ ಅತಿಕ್ರಮಣದಾರರು ಅನ್ನಿಸಿಕೊಂಡರು. ಹೀಗೆ ಕಾಡಿನಿಂದ ಹೊರಬಿದ್ದವರ ಬಗ್ಗೆ ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಅದರಲ್ಲಿ ಗುರುತಿಸಿದ ಕುಟುಂಬಗಳು 3,418.

2006ರ ಅರಣ್ಯ ಹಕ್ಕು ಕಾಯ್ದೆ ಇದನ್ನ ಸರಿಮಾಡೋಕೆ ಬಂತು. ಅದರ ಪ್ರಕಾರ ಗ್ರಾಮ ಅಂದ್ರೆ ಯಾವುದು? ಸರ್ಕಾರ ಗ್ರಾಮ ಅಂತ ಅಧಿಸೂಚನೆ ಹೊರಡಿಸಿರಲಿ ಬಿಡಲಿ, ಕಾಡಿನ ಹಳೆಯ ವಸತಿಗಳೂ, ಸರ್ವೆ ಆಗದ ಹಳ್ಳಿಗಳೂ ಗ್ರಾಮವೇ. ಅವನ್ನ ಕಂದಾಯ ಗ್ರಾಮವಾಗಿ ಬದಲಾಯಿಸಿಕೊಳ್ಳುವ ಹಕ್ಕೂ ಅದೇ ಕಾಯ್ದೆಯಲ್ಲಿದೆ. ಅಂದ್ರೆ ಹಳಗನ್ನಡ ಎಂದೋ ಹೇಳಿದ್ದನ್ನ ಪಾರ್ಲಿಮೆಂಟು 2006ರಲ್ಲಿ ಒಪ್ಪಿತು, ಅಷ್ಟೇ. ಆದರೂ ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಹಾಡಿಯವರು ಇವತ್ತಿಗೂ ಇದ್ದಾರೆ.

ಇನ್ನು ಮುಂದೆ ಯಾರಾದರೂ 'ಅದು ಊರಲ್ಲ ಸಾರ್, ಹಾಡಿ' ಅಂದ್ರೆ, ವಾದ ಮಾಡಬೇಡಿ. 'ಹಾಡಿ ಅಂದ್ರೇನೇ ಊರು' ಅನ್ನಿ.